ಬಾಗಿಲಿನ ಮೇಲೆ ಕ್ಲಿಯರ್ ಕೆಟ್ಟಿತು, ಬಾನೆಟ್ ಮುಟ್ಟುವ ಮುಂಚೆ ಕೇಳುತ್ತಿದ್ದೇನೆ

ಬೂದುಬಾನೆಟ್:

ಎಲ್ಲರಿಗೂ ನಮಸ್ಕಾರ. ಅಪ್ಪ ಹನ್ನೆರಡು ವರ್ಷ ಓಡಿಸಿದ ಕಾರು ಈಗ ನನ್ನ ಹತ್ತಿರ ಇದೆ. ಸಿಲ್ವರ್ ಮೆಟಾಲಿಕ್. ಎಂಜಿನ್ ಚೆನ್ನಾಗಿದೆ, ಒಳಗಡೆಯೂ ಅಚ್ಚುಕಟ್ಟು. ಆದರೆ ಬಾನೆಟ್ ಮೇಲಿನ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಸುಲಿದು ಬರುತ್ತಿದೆ, ತೊಳೆದಾಗಲೆಲ್ಲ ಇನ್ನೊಂದಿಷ್ಟು ಪದರ ಕೈಗೆ ಬರುತ್ತದೆ. ಮಾರುವ ಯೋಚನೆ ಇಲ್ಲ. ನನ್ನ ಕೈಯಿಂದಲೇ ಸರಿ ಮಾಡಬೇಕು ಅಂತ ಆಸೆ.

ಸೀದಾ ಬಾನೆಟ್‌ಗೆ ಕೈ ಹಾಕುವುದು ಬೇಡ ಅಂತ ಮೊದಲು ಹಿಂದಿನ ಎಡಗಡೆ ಬಾಗಿಲಿನ ಮೇಲೆ ಮಾಡಿ ನೋಡಿದೆ. ಅಲ್ಲಿ ಉದ್ದಕ್ಕೆ ಒಂದು ಗೀರು ಇತ್ತು. ಶಾಂಪೂ ಹಾಕಿ ತೊಳೆದೆ, 400 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದೆ, ಪ್ರೈಮರ್ ಹೊಡೆದೆ. ಅದರ ಮೇಲೆ ಕಾರಿನ ಕಲರ್ ಕೋಡ್ ಹೇಳಿ ತಂದ ಬಣ್ಣ ಮೂರು ಕೋಟ್, ಆಮೇಲೆ ಕ್ಲಿಯರ್ ಮೂರು ಕೋಟ್. ಎಲ್ಲವೂ ಸ್ಪ್ರೇ ಡಬ್ಬಿಯಲ್ಲೇ. ಹಿಂದಿನ ದಿನ ಮಳೆ ಬಂದಿತ್ತು, ನಾನು ಹೊಡೆದದ್ದು ಸಂಜೆ ಆರರ ಮೇಲೆ, ಶೆಡ್ ಒಳಗೆ.

ಈಗ ಬಾಗಿಲ ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಇದೆ. ಹಿಡಿಯ ಕೆಳಗೆ ಕ್ಲಿಯರ್ ಸೋರಿ ಒಂದು ಹನಿ ಹಾಗೇ ಗಟ್ಟಿಯಾಗಿದೆ. ಕೆಳಭಾಗದಲ್ಲಿ ಏಳೆಂಟು ಕಡೆ ಸಾಸಿವೆ ಕಾಳಿನಷ್ಟು ದುಂಡನೆಯ ಗುಳಿ, ಬಣ್ಣ ಅಲ್ಲಿಂದ ಹೆದರಿ ಸುತ್ತ ಸರಿದ ಹಾಗೆ. ಒಂದು ಮೂಲೆಯಲ್ಲಿ ಹಾಲು ಕಲೆಸಿದಂಥ ಬಿಳಿ ಮಬ್ಬು. ಇನ್ನು ದೂರ ನಿಂತು ನೋಡಿದರೆ ಬೆಳ್ಳಿ ಬಣ್ಣದಲ್ಲೇ ಒಂದು ಪಟ್ಟೆ ಕಪ್ಪು, ಒಂದು ಪಟ್ಟೆ ಬಿಳಿ.

ಕೇಳಬೇಕಾದ್ದು ಇಷ್ಟು. ಈ ಬಾಗಿಲನ್ನು ಉಜ್ಜಿ ಪಾಲಿಶ್ ಮಾಡಿ ಉಳಿಸಬಹುದಾ? ಬಾನೆಟ್‌ಗೆ ಡಬ್ಬಿಯೇ ಸಾಕಾ, ಸ್ಪ್ರೇ ಗನ್ ಬೇಕಾ? ಗೆಳೆಯನ ಹತ್ತಿರ 25 ಲೀಟರ್ ಟ್ಯಾಂಕಿನ ಕಂಪ್ರೆಸರ್ ಮತ್ತು ಗನ್ ಇದೆ, ಕೊಡುತ್ತೇನೆ ಅಂದಿದ್ದಾನೆ. ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆಸಿ ಹೊಡೆಯುವ 2ಕೆ ಕ್ಲಿಯರ್ ಬಾಳಿಕೆ ಜಾಸ್ತಿ ಅನ್ನುತ್ತಾರಲ್ಲ, ಅದನ್ನು ಮನೆಯಲ್ಲಿ ಹೊಡೆಯಬಹುದಾ? ಧೂಳಿಗೆ ಹಾಕುವ ಬಿಳಿ ಮಾಸ್ಕ್ ಇದೆ, ಸಾಲುತ್ತದಾ?

ಹಳೇಪೇಂಟರ್:

ತಮ್ಮಾ, ಮೊದಲು ಬಾಗಿಲ ಮೇಲೆ ಮಾಡಿ ನೋಡಿದ್ದು ಒಳ್ಳೆಯದಾಯಿತು. ಇಪ್ಪತ್ತೆರಡು ವರ್ಷದಿಂದ ಗನ್ ಹಿಡಿದಿದ್ದೇನೆ, ನೀವು ಬರೆದ ಐದು ತೊಂದರೆಗೂ ಬೇರೆ ಬೇರೆ ಕಾರಣ ಇದೆ, ಒಂದೊಂದಾಗಿ ಹೇಳುತ್ತೇನೆ.

ದುಂಡನೆಯ ಗುಳಿಗೆ ನಾವು ಫಿಶ್ ಐ ಅನ್ನುತ್ತೇವೆ. ಅದು ಸಿಲಿಕೋನ್ ಕೆಲಸ. ಟೈರ್‌ಗೆ ಹಚ್ಚುವ ಹೊಳಪು, ಡ್ಯಾಶ್‌ಬೋರ್ಡ್ ಪಾಲಿಶ್, ಕೆಲವು ವ್ಯಾಕ್ಸ್, ಇವುಗಳಲ್ಲಿ ಸಿಲಿಕೋನ್ ಇರುತ್ತದೆ. ಬಾಗಿಲ ಕೆಳಭಾಗದಲ್ಲೇ ಬಂದಿದೆ ಅಂದರೆ ಟೈರ್‌ನಿಂದ ಸಿಡಿದದ್ದು ಇರಬಹುದು. ಶಾಂಪೂಗೆ ಅದು ಪೂರ್ತಿ ಹೋಗುವುದಿಲ್ಲ. ನೀವು ಅದರ ಮೇಲೇ ಉಜ್ಜಿದ್ದೀರಿ, ಹಾಗಾಗಿ ಜಿಡ್ಡು ಗೀರುಗಳ ಒಳಗೆ ಇಳಿದು ಕೂತಿದೆ. ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್ ಅಂತ ಸಿಗುತ್ತದೆ. ಉಜ್ಜುವ ಮುಂಚೆ ಒಂದು ಸಲ, ಉಜ್ಜಿದ ಮೇಲೆ ಒಂದು ಸಲ, ಬಣ್ಣಕ್ಕೆ ಸ್ವಲ್ಪ ಮುಂಚೆ ಇನ್ನೊಂದು ಸಲ. ಎರಡು ಬಟ್ಟೆ ಇಟ್ಟುಕೊಳ್ಳಿ. ಒಂದರಲ್ಲಿ ಒದ್ದೆ ಮಾಡಿ ಒರೆಸಿ, ಅದು ಆರುವ ಮುಂಚೆಯೇ ಒಣ ಬಟ್ಟೆಯಲ್ಲಿ ಎತ್ತಿ. ತಾನಾಗಿ ಆರಲು ಬಿಟ್ಟರೆ ಜಿಡ್ಡು ಅಲ್ಲೇ ಉಳಿಯುತ್ತದೆ, ಜಾಗ ಮಾತ್ರ ಬದಲಾಗಿರುತ್ತದೆ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಕೈಯ ಎಣ್ಣೆಯೂ ಸಾಕು ಕೆಡಿಸಲು.

ಬಿಳಿ ಮಬ್ಬು ಬಂದದ್ದು ತೇವದಿಂದ. ಬಣ್ಣದ ಥಿನ್ನರ್ ಆವಿಯಾಗುವಾಗ ಮೈಯ ಬಿಸಿ ಎಳೆದುಕೊಳ್ಳುತ್ತದೆ, ತಗಡು ತಣ್ಣಗಾಗುತ್ತದೆ, ಗಾಳಿಯ ನೀರು ಬಂದು ಅದರ ಮೇಲೆ ಕೂರುತ್ತದೆ. ಮಳೆ ಆದ ಮಾರನೇ ದಿನ, ಅದೂ ಸಂಜೆ ಆರಕ್ಕೆ ಹೊಡೆದರೆ ಇನ್ನೇನಾಗುತ್ತದೆ? ಬೆಳಿಗ್ಗೆ ಹತ್ತರ ಮೇಲೆ, ಒಣ ದಿನ, ತಗಡು ಕೈಗೆ ತಣ್ಣಗೂ ಅಲ್ಲದೆ ಬಿಸಿಯೂ ಅಲ್ಲದೆ ಇರುವ ಹೊತ್ತು ನೋಡಿ. 20ರಿಂದ 25 ಡಿಗ್ರಿ ಇದ್ದರೆ ಬಹಳ ಒಳ್ಳೆಯದು.

ಕಿತ್ತಳೆ ಸಿಪ್ಪೆ ಬಂದರೆ ಕ್ಲಿಯರ್ ಮೈಮೇಲೆ ಹರಡಿ ಸಮ ಆಗುವ ಮುಂಚೆಯೇ ಗಟ್ಟಿಯಾಗಿದೆ ಅಂತ. ದೂರದಿಂದ ಹೊಡೆದರೆ ಹಾಗಾಗುತ್ತದೆ. ಡಬ್ಬಿ ತಣ್ಣಗಿದ್ದು ಹನಿ ದಪ್ಪ ಬಂದರೂ ಹಾಗೇ. ಸೋರಿದ್ದು ಅದರ ಉಲ್ಟಾ: ಹತ್ತಿರ ಹಿಡಿದಿರಿ, ಇಲ್ಲ ಒಂದೇ ಕಡೆ ಕೈ ನಿಂತಿತು. ಹಿಡಿಯ ಸುತ್ತ ಎಲ್ಲರಿಗೂ ಕೈ ನಿಲ್ಲುತ್ತದೆ. ಡಬ್ಬಿಯಾದರೆ 20ರಿಂದ 25 ಸೆಂಟಿಮೀಟರ್, ಗನ್ ಆದರೆ 15ರಿಂದ 20. ಮಣಿಕಟ್ಟು ತಿರುಗಿಸಬೇಡಿ, ತೋಳು ಪೂರ್ತಿ ಸಾಗಬೇಕು. ಒತ್ತುವುದು ಬಾಗಿಲಿನ ಅಂಚಿನಿಂದ ಆಚೆ ಇರುವಾಗ, ಬಿಡುವುದೂ ಇನ್ನೊಂದು ಅಂಚು ದಾಟಿದ ಮೇಲೆ. ಒಂದು ಸಾಲಿನ ಅರ್ಧದ ಮೇಲೆ ಮುಂದಿನ ಸಾಲು ಬೀಳಬೇಕು.

ಹನಿಯೊಂದೇ ಇದ್ದಿದ್ದರೆ ಬಾಗಿಲು ಉಳಿಯುತ್ತಿತ್ತು. ಪೂರ್ತಿ ಗಟ್ಟಿಯಾಗಲು ಬಿಟ್ಟು, ಹನಿಯ ಎರಡೂ ಕಡೆ ಟೇಪ್ ಹಾಕಿ, ಗಟ್ಟಿ ಬ್ಲಾಕ್‌ಗೆ 1000 ಪೇಪರ್ ಸುತ್ತಿ ಹನಿಯ ತಲೆ ಮಾತ್ರ ತೆಗೆಯುವುದು, ಆಮೇಲೆ ಇನ್ನೂ ನಯವಾದ 1500, 2000, 3000, ಕೊನೆಗೆ ಹೊಳಪು ತರುವ ಕಾಂಪೌಂಡ್. ಕಿತ್ತಳೆ ಸಿಪ್ಪೆಯೂ ಹಾಗೇ ಹೋಗುತ್ತದೆ. ಆದರೆ ಪಟ್ಟೆ ಇರುವುದು ಕೆಳಗಿನ ಬಣ್ಣದಲ್ಲಿ, ಕ್ಲಿಯರ್‌ನಲ್ಲಿ ಅಲ್ಲ. ಗುಳಿಗಳೂ ಆಳಕ್ಕೆ ಹೋಗಿವೆ. ಬಾಗಿಲನ್ನು ಮತ್ತೆ ಮಾಡಲೇಬೇಕು. ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಲ ಅದೇ ಬಾಗಿಲು ನಿಮಗೆ ಪಾಠದ ಹಲಗೆ ಆಗುತ್ತದೆ.

ನೀಲಿಹಕ್ಕಿ:

ಮಾಸ್ಕ್ ಬಗ್ಗೆ ಕೊನೆಯಲ್ಲಿ ಒಂದು ಸಾಲು ಕೇಳಿದ್ದೀರಿ ಸರ್. ನನ್ನ ಪ್ರಕಾರ ಅದೇ ಮೊದಲನೇ ಪ್ರಶ್ನೆ. ಬಿಳಿ ಧೂಳಿನ ಮಾಸ್ಕ್ ಸಾಲುವುದಿಲ್ಲ. ಉಜ್ಜುವಾಗ ಧೂಳಿಗೆ ಸರಿ, ಥಿನ್ನರ್ ಆವಿಯನ್ನು ಅದು ತಡೆಯುವುದೇ ಇಲ್ಲ.

2ಕೆ ಕ್ಲಿಯರ್‌ನ ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಕ್ಲಿಯರ್ ಅಷ್ಟು ಗಟ್ಟಿಯಾಗುವುದು ಅದರಿಂದಲೇ. ಅದೇ ಉಸಿರಿನ ಜೊತೆ ಒಳಗೆ ಹೋದರೆ ಕೆಲವರ ದೇಹ ಅದನ್ನು ಶತ್ರು ಅಂತ ಗುರುತು ಇಟ್ಟುಕೊಳ್ಳುತ್ತದೆ. ಆಮೇಲೆ ಬಹಳ ಸ್ವಲ್ಪ ತಾಗಿದರೂ ಎದೆ ಬಿಗಿದು ಆಸ್ತಮಾ ಶುರುವಾಗುತ್ತದೆ. ನನ್ನ ತಮ್ಮ ಹೀಗೇ ಆದ. ಎರಡು ವರ್ಷ ಬಟ್ಟೆ ಕಟ್ಟಿಕೊಂಡು ಹೊಡೆದ, ಏನೂ ಆಗಲಿಲ್ಲ, ಅದಕ್ಕೇ ಏನೂ ಆಗುವುದಿಲ್ಲ ಅಂದುಕೊಂಡ. ಒಂದು ರಾತ್ರಿ ಮಲಗಿದವನಿಗೆ ಉಸಿರು ಸಿಗಲಿಲ್ಲ. ಈಗ ಅವನು ಪೇಂಟ್ ಹೊಡೆಯುವ ಜಾಗದ ಹತ್ತಿರವೂ ಹೋಗುವ ಹಾಗಿಲ್ಲ, ಬಹಳ ಪ್ರೀತಿಯಿಂದ ಮಾಡುತ್ತಿದ್ದ ಕೆಲಸ ಅದು.

ಇನ್ನೊಂದು ವಿಷಯ. ಐಸೋಸಯನೇಟ್‌ಗೆ ನಿಮಗೆ ಗೊತ್ತಾಗುವಂಥ ವಾಸನೆ ಇಲ್ಲ. ವಾಸನೆ ಬಂದರೆ ಮಾಸ್ಕ್ ಬದಲಾಯಿಸುತ್ತೇನೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವಾಸನೆ ಬರುವ ಹೊತ್ತಿಗೆ ಅತಿಯಾಗಿರುತ್ತದೆ. ಸರಿಯಾದ ದಾರಿ ಅಂದರೆ ಹೊರಗಿನ ಶುದ್ಧ ಗಾಳಿಯನ್ನು ಪೈಪ್‌ನಲ್ಲಿ ಮುಖಕ್ಕೆ ಕೊಡುವ ಮಾಸ್ಕ್. ಅದಿಲ್ಲದಿದ್ದರೆ 2ಕೆ ಮುಟ್ಟಬೇಡಿ ಅಂತಲೇ ನಾನು ಹೇಳುವುದು. ಕಾರ್ಟ್ರಿಜ್ ಮಾಸ್ಕ್ ಹಾಕುತ್ತೇನೆ ಅಂದರೆ ಸಾವಯವ ಆವಿಯ ಕಾರ್ಟ್ರಿಜ್ ಮತ್ತು ಮಂಜಿನಂಥ ಹನಿ ತಡೆಯುವ ಫಿಲ್ಟರ್ ಎರಡೂ ಇರಲಿ, ಕಾರ್ಟ್ರಿಜ್ ಹೊಸದೇ ಇರಲಿ. ತೆರೆದಿಟ್ಟ ಕಾರ್ಟ್ರಿಜ್ ಸುಮ್ನೆ ಇದ್ದರೂ ಗಾಳಿಯಿಂದ ಹೀರಿಕೊಂಡು ಮುಗಿಯುತ್ತದೆ. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ, ಬೋಳಿಸಿ. ಕನ್ನಡಕ, ನೈಟ್ರೈಲ್ ಗ್ಲೌಸ್, ಉದ್ದ ತೋಳಿನ ಬಟ್ಟೆ. ಚರ್ಮದ ಮೂಲಕವೂ ಅದು ತೊಂದರೆ ಕೊಡುತ್ತದೆ. ಹೊಡೆದು ಮುಗಿದ ತಕ್ಷಣ ಮಾಸ್ಕ್ ತೆಗೆಯಬೇಡಿ, ಮಂಜು ಇನ್ನೂ ಅಲ್ಲೇ ತೇಲುತ್ತಿರುತ್ತದೆ. ಮತ್ತೆ, ಶೆಡ್ ಮನೆಗೆ ಅಂಟಿಕೊಂಡಿದ್ದರೆ ಒಳಗೆ ಮಕ್ಕಳು, ವಯಸ್ಸಾದವರು ಉಸಿರಾಡುವುದೂ ಅದೇ ಗಾಳಿ ಅಲ್ವಾ?

ಬೆಂಕಿಯೂ ನೆನಪಿರಲಿ. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗುತ್ತದೆ. ಗ್ಯಾಸ್ ಗೀಸರ್, ಸ್ವಿಚ್, ಮಾಮೂಲಿ ಟೇಬಲ್ ಫ್ಯಾನಿನ ಮೋಟಾರ್, ಒಂದು ಕಿಡಿ ಸಾಕು.

ಲೇತ್‌ಮನೆ:

ಕಂಪ್ರೆಸರ್ ವಿಷಯಕ್ಕೆ ಬರುತ್ತೇನೆ. 25 ಲೀಟರ್ ಟ್ಯಾಂಕ್ ಅಂದರೆ ಅದು ಕೊಡುವ ಗಾಳಿ ಸಾಮಾನ್ಯವಾಗಿ ನಿಮಿಷಕ್ಕೆ ನಾಲ್ಕೈದು ಘನ ಅಡಿ. ದೊಡ್ಡ ಎಚ್‌ವಿಎಲ್‌ಪಿ ಗನ್, ಅಂದರೆ ಕಡಿಮೆ ಒತ್ತಡದಲ್ಲಿ ಹೆಚ್ಚು ಗಾಳಿ ಬಿಡುವಂಥದ್ದು, ಹತ್ತರ ಆಸುಪಾಸು ಕೇಳುತ್ತದೆ. ಬಾನೆಟ್‌ನ ಮೂರನೇ ಸಾಲಿಗೆ ಬರುವಷ್ಟರಲ್ಲಿ ಒತ್ತಡ ಬೀಳುತ್ತದೆ, ಹನಿ ದಪ್ಪ ಆಗುತ್ತದೆ, ಅರ್ಧ ಬಾನೆಟ್ ಕನ್ನಡಿ, ಇನ್ನರ್ಧ ಕಿತ್ತಳೆ ಸಿಪ್ಪೆ. ನಾನು ಇದನ್ನು ಕಲಿತದ್ದು ಒಂದು ಡಿಕ್ಕಿ ಬಾಗಿಲನ್ನು ಎರಡು ಸಲ ಉಜ್ಜಿ.

ಕಡಿಮೆ ಗಾಳಿ ಕುಡಿಯುವ ಎಲ್‌ವಿಎಲ್‌ಪಿ ಗನ್ ಸಿಕ್ಕರೆ ಅದನ್ನೇ ತನ್ನಿ. ಗನ್ ಮೇಲೆ ಅಥವಾ ಅದರ ಪುಸ್ತಕದಲ್ಲಿ ಎಷ್ಟು ಗಾಳಿ ಬೇಕು ಅಂತ ಬರೆದಿರುತ್ತದೆ, ಕಂಪ್ರೆಸರ್ ಕೊಡುವುದಕ್ಕಿಂತ ಅದು ಕಡಿಮೆ ಇರಬೇಕು. ಬಣ್ಣಕ್ಕೂ ಕ್ಲಿಯರ್‌ಗೂ 1.3 ಮಿಲಿಮೀಟರ್ ನಾಝಲ್, ಪ್ರೈಮರ್ ದಪ್ಪ ಇರುವುದರಿಂದ 1.7 ಅಥವಾ 1.8. ಒತ್ತಡವನ್ನು ಕಂಪ್ರೆಸರ್ ಹತ್ತಿರದ ಗೇಜ್ ನೋಡಿ ಇಡಬೇಡಿ. ಉದ್ದ ಪೈಪ್‌ನಲ್ಲಿ ಒತ್ತಡ ಇಳಿಯುತ್ತದೆ. ಗನ್ ಹಿಡಿಯ ಹತ್ತಿರ ಗೇಜ್ ಹಾಕಿ, ಟ್ರಿಗರ್ ಒತ್ತಿದಾಗ ಏನು ತೋರಿಸುತ್ತದೋ ಅದು ನಿಜ.

ನೀರು ಇನ್ನೊಂದು. ಗಾಳಿ ಒತ್ತಿದಾಗ ಬಿಸಿಯಾಗುತ್ತದೆ, ಪೈಪ್‌ನಲ್ಲಿ ತಣ್ಣಗಾದಾಗ ಅದರಲ್ಲಿದ್ದ ತೇವ ನೀರಾಗುತ್ತದೆ. ವಾಟರ್ ಟ್ರ್ಯಾಪ್ ಅನ್ನು ಕಂಪ್ರೆಸರ್ ಪಕ್ಕದಲ್ಲೇ ಹಾಕಿದರೆ ಗಾಳಿ ಇನ್ನೂ ಬಿಸಿ ಇರುತ್ತದೆ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಸ್ವಲ್ಪ ದೂರ ಪೈಪ್ ಓಡಿಸಿ ಆಮೇಲೆ ಹಾಕಿ. ಶುರು ಮಾಡುವ ಮುಂಚೆ ಟ್ಯಾಂಕಿನ ಕೆಳಗಿನ ಕಾಕ್ ಬಿಚ್ಚಿ ನೀರು ಬಸಿದುಬಿಡಿ.

ಬೂದುಬಾನೆಟ್:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ನೀಲಿಹಕ್ಕಿ ಮೇಡಂ, ನಿಮ್ಮ ತಮ್ಮನ ವಿಷಯ ಓದಿ ಮನಸ್ಸಿಗೆ ಬೇಜಾರಾಯಿತು. ನಮ್ಮ ಶೆಡ್ ಅಡುಗೆಮನೆಯ ಗೋಡೆಗೇ ಅಂಟಿಕೊಂಡಿದೆ, ಅಮ್ಮನಿಗೆ ಮೊದಲೇ ಉಬ್ಬಸ ಇದೆ. ಅಲ್ಲಿ 2ಕೆ ಹೊಡೆಯುವುದಿಲ್ಲ, ಇದು ತೀರ್ಮಾನ ಆಯಿತು.

ಹಳೇಪೇಂಟರ್ ಅಣ್ಣ, ಎರಡು ವಿಷಯ ಕೇಳಬೇಕು. ಬಾನೆಟ್‌ನಲ್ಲಿ ಸುಲಿದ ಜಾಗ ಮಾತ್ರ ಉಜ್ಜಿ, ಒಳಗಿನ ಸಿಲ್ವರ್ ಚೆನ್ನಾಗಿಯೇ ಕಾಣುವುದರಿಂದ ಬರೀ ಕ್ಲಿಯರ್ ಹೊಡೆದರೆ ಆಗುವುದಿಲ್ಲವಾ? ಆ ಪಟ್ಟೆ ಬರದ ಹಾಗೆ ಸಿಲ್ವರ್ ಹೊಡೆಯುವುದು ಹೇಗೆ?

ಹಳೇಪೇಂಟರ್:

ಆಗುವುದಿಲ್ಲ ತಮ್ಮಾ. ಸುಲಿಯುತ್ತಿರುವ ಕ್ಲಿಯರ್‌ನ ಅಂಚು ಕಣ್ಣಿಗೆ ಗಟ್ಟಿ ಕಂಡರೂ ಒಳಗೆ ಹಿಡಿತ ಬಿಟ್ಟಿರುತ್ತದೆ. ಹೊಸ ಕ್ಲಿಯರ್ ಅದರ ಮೇಲೆ ಕೂತರೆ ಆರು ತಿಂಗಳಿಗೆ ಹಳೆಯದರ ಜೊತೆ ಅದೂ ಎದ್ದು ಬರುತ್ತದೆ. ಬಾನೆಟ್‌ನ ಕ್ಲಿಯರ್ ಪೂರ್ತಿ ತೆಗೆಯಬೇಕು. ತೆಗೆಯುವಾಗ ಪೇಪರ್ ಸಿಲ್ವರ್‌ಗೂ ತಾಗುತ್ತದೆ. ಮೆಟಾಲಿಕ್ ಬಣ್ಣದಲ್ಲಿ ಇರುವುದು ಚಪ್ಪಟೆ ಅಲ್ಯೂಮಿನಿಯಂ ಚೂರು, ಅದನ್ನು ಉಜ್ಜಿದರೆ ಚೂರು ಕತ್ತರಿಸಿ ಕಪ್ಪು ಗೀರು ಕಾಣುತ್ತದೆ. ಹಾಗಾಗಿ ಹೊಸ ಬಣ್ಣ ಹೊಡೆಯಲೇಬೇಕು.

ನಾನು ಮಾಡುವುದು ಹೀಗೆ. 180ರಲ್ಲಿ ಕ್ಲಿಯರ್ ಇಳಿಸಿ, ಬ್ಲಾಕ್ ಹಿಡಿದೇ, ಬೆರಳಲ್ಲಿ ಅಲ್ಲ. ಬೆರಳಲ್ಲಿ ಉಜ್ಜಿದರೆ ಕಾಲುವೆ ಬೀಳುತ್ತದೆ, ಹೊಳಪು ಬಂದ ಮೇಲೆ ಅದು ಎದ್ದು ಕಾಣುತ್ತದೆ. ಆಮೇಲೆ 320. ಕಬ್ಬಿಣ ಕಂಡ ಕಡೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್. ಮೇಲೆ ಸಣ್ಣ ತಗ್ಗು ತುಂಬಿ ಮೈ ಸಮ ಮಾಡುವ ಸರ್ಫೇಸರ್ ಎರಡು ಮೂರು ಕೋಟ್. ಒಣಗಿದ ಮೇಲೆ ಕಪ್ಪು ಬಣ್ಣವನ್ನು ದೂರದಿಂದ ಮಂಜಿನ ಹಾಗೆ ಎರಚಿ 600ರಲ್ಲಿ ಉಜ್ಜಿ. ಕಪ್ಪು ಉಳಿದ ಕಡೆ ತಗ್ಗು ಇದೆ ಅಂತ ಅರ್ಥ. ನಿಮ್ಮ ಕಣ್ಣಿಗಿಂತ ಆ ಕಪ್ಪು ಚುಕ್ಕಿಯನ್ನು ನಂಬಿ. ಈ ಸರ್ಫೇಸರ್ ಹಂತದಲ್ಲೂ 2ಕೆ ಇರುತ್ತದೆ, ಹಾರ್ಡ್ನರ್ ಬೇಡದ 1ಕೆಯೂ ಸಿಗುತ್ತದೆ, ಡಬ್ಬಿಯ ಮೇಲೆ ನೋಡಿ ತೆಗೆದುಕೊಳ್ಳಿ. ಹಾರ್ಡ್ನರ್ ಹಾಕುವಂಥದ್ದು ಯಾವುದಾದರೂ ಮೇಡಂ ಹೇಳಿದ್ದೇ ಲೆಕ್ಕ.

ಪಟ್ಟೆ ಯಾಕೆ ಬರುತ್ತದೆ ಅಂದರೆ, ಬಣ್ಣ ಒದ್ದೆಯಾಗಿ ಬಿದ್ದ ಕಡೆ ಆ ಚೂರುಗಳು ಒಳಗೆ ಮುಳುಗಿ ಅಡ್ಡಾದಿಡ್ಡಿ ನಿಲ್ಲುತ್ತವೆ, ಕಪ್ಪು ಕಾಣುತ್ತದೆ. ಒಣಗಿದ ಹಾಗೆ ಬಿದ್ದ ಕಡೆ ಮೇಲೆ ಮಟ್ಟಸವಾಗಿ ಮಲಗುತ್ತವೆ, ಬಿಳಿ ಕಾಣುತ್ತದೆ. ನಿಮ್ಮ ಕೈ ಒಂದೇ ವೇಗದಲ್ಲಿ ಹೋಗದಿದ್ದರೆ ಪಟ್ಟೆ. ಎರಡು ಸಾಧಾರಣ ಕೋಟ್ ಹೊಡೆಯಿರಿ, ನಡುವೆ ಹತ್ತು ಹದಿನೈದು ನಿಮಿಷ ಬಿಡಿ, ಹೊಳಪು ಹೋಗಿ ಪೂರ್ತಿ ಮಂಕಾಗಬೇಕು. ಕೊನೆಯಲ್ಲಿ 30 ಸೆಂಟಿಮೀಟರ್ ದೂರದಿಂದ, ಮೊದಲಿನದಕ್ಕೆ ಅಡ್ಡ ದಿಕ್ಕಿನಲ್ಲಿ, ಹಗುರಾಗಿ ಒಂದು ಡ್ರಾಪ್ ಕೋಟ್. ಅದು ಚೂರುಗಳನ್ನು ಎಲ್ಲ ಕಡೆ ಒಂದೇ ಥರ ಕೂರಿಸುತ್ತದೆ. ಮೆಟಾಲಿಕ್‌ನ ಕೊನೇ ಕೋಟ್ ಆದ ಮೇಲೆ ಪೇಪರ್ ಮುಟ್ಟಿಸಬೇಡಿ.

ನಿಮ್ಮ ಅಮ್ಮನ ವಿಷಯ ಕೇಳಿದ ಮೇಲೆ ನನ್ನ ಮಾತು ಇಷ್ಟೇ. ಬಾನೆಟ್ ನಾಲ್ಕು ಬೋಲ್ಟ್‌ನಲ್ಲಿ ಬಿಚ್ಚಿ ಬರುತ್ತದೆ. ಕೆಲಸದಲ್ಲಿ ನೂರಕ್ಕೆ ಎಂಬತ್ತು ಭಾಗ ಉಜ್ಜುವುದೇ. ಅದನ್ನು ಮನೆಯಲ್ಲಿ ನೀವೇ ಮಾಡಿ. ಬಣ್ಣ ಮತ್ತು ಕ್ಲಿಯರ್ ಹೊಡೆಯಲು ಬೂತ್, ಅಂದರೆ ಧೂಳು ಬರದ ಹಾಗೆ ಮಾಡಿದ ಪೇಂಟಿಂಗ್ ಕೋಣೆ, ಇರುವ ಕಡೆ ತೆಗೆದುಕೊಂಡು ಹೋಗಿ, ನಿಮ್ಮ ಮುಂದೆಯೇ ಹೊಡೆಸಿ. ಅದರಿಂದ ನಿಮ್ಮ ಕೈಕೆಲಸ ಏನೂ ಕಡಿಮೆ ಆಗುವುದಿಲ್ಲ. ಕ್ಲಿಯರ್ ಪದರ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಅದು ಕೆಳಗಿನ ತಪ್ಪು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಕೆಂಪುಗಾಡಿ:

ಅಣ್ಣ ಹೇಳಿದ್ದನ್ನು ಗೌರವದಿಂದಲೇ ಸ್ವಲ್ಪ ಒಪ್ಪುವುದಿಲ್ಲ. ಎಲ್ಲರಿಗೂ ಬೂತ್ ಸಿಗುವುದಿಲ್ಲ, ಎಲ್ಲ ಕಡೆ ಒಂದು ಬಾನೆಟ್‌ಗೆ ಅಂತ ಒಪ್ಪುವುದೂ ಇಲ್ಲ. ನಾನು ನನ್ನ ಗಾಡಿಯ ಬಂಪರ್ ಮತ್ತು ಎರಡು ಕನ್ನಡಿಯ ಕವರ್ ಡಬ್ಬಿಯಲ್ಲೇ ಮಾಡಿದ್ದೇನೆ, ಮೂರು ವರ್ಷ ಆಯಿತು, ಗಟ್ಟಿಯಾಗಿದೆ.

2ಕೆ ಕ್ಲಿಯರ್ ಡಬ್ಬಿಯಲ್ಲೂ ಬರುತ್ತದೆ. ತಳದಲ್ಲಿ ಗುಂಡಿ ಇರುತ್ತದೆ, ಒತ್ತಿದರೆ ಒಳಗಿನ ಹಾರ್ಡ್ನರ್ ಒಡೆದು ಬೆರೆಯುತ್ತದೆ. ಒತ್ತಿದ ಮೇಲೆ ಒಂದೆರಡು ದಿನದಲ್ಲಿ ಒಳಗೇ ಗಟ್ಟಿಯಾಗುತ್ತದೆ, ನಾಳೆಗೆ ಇಡುತ್ತೇನೆ ಅನ್ನುವ ಹಾಗಿಲ್ಲ. ಇದರಲ್ಲೂ ಐಸೋಸಯನೇಟ್ ಇದೆ, ಡಬ್ಬಿ ಸಣ್ಣದು ಅಂತ ಮಾಸ್ಕ್ ಬಿಡಬೇಡಿ. ನಾನು ಹೊಡೆದದ್ದು ಮನೆಯಿಂದ ದೂರ, ತೆರೆದ ಜಾಗದಲ್ಲಿ, ಹತ್ತಿರ ಯಾರೂ ಇಲ್ಲದಾಗ. ಒಂದು ಕೀಟ ಬಂದು ಕೂತಿತು, ಕೂರಲಿ. ಒಣಗಿದ ಮೇಲೆ 2000ದಲ್ಲಿ ತೆಗೆದೆ. ಒದ್ದೆ ಕ್ಲಿಯರ್‌ನಿಂದ ಕೀಟ ಎತ್ತಲು ಹೋದರೆ ಒಂದು ಚುಕ್ಕಿಯ ಜಾಗದಲ್ಲಿ ಅಂಗೈ ಅಗಲ ಕೆಡುತ್ತದೆ.

1ಕೆ ಕ್ಲಿಯರ್ ಬರೀ ಥಿನ್ನರ್ ಆರಿ ಒಣಗುವುದು, ಪೆಟ್ರೋಲ್ ಚೆಲ್ಲಿದರೆ ಮೆತ್ತಗಾಗುತ್ತದೆ. ಕನ್ನಡಿ ಕವರ್‌ಗೆ ನಡೆಯುತ್ತದೆ, ಬಿಸಿಲು ಮತ್ತು ಎಂಜಿನ್ ಶಾಖ ಎರಡೂ ತಿನ್ನುವ ಬಾನೆಟ್‌ಗೆ ನಾನು ಹೇಳುವುದಿಲ್ಲ.

ಕಲಿಯಲು ಒಂದು ಉಪಾಯ. ಗುಜರಿಯಿಂದ ಒಂದು ಹಳೆಯ ತಗಡು ತಂದು ನೇರ ನಿಲ್ಲಿಸಿ, ಕಪ್ಪು ಬಣ್ಣ ಹೊಡೆದು ಕ್ಲಿಯರ್ ಹೊಡೆಯಿರಿ. ಕಪ್ಪಿನ ಮೇಲೆ ಎಲ್ಲ ತಪ್ಪೂ ಕಾಣುತ್ತದೆ. ಒಂದು ಲೈಟನ್ನು ಪಕ್ಕದಿಂದ ಓರೆಯಾಗಿ ಇಟ್ಟು ನೋಡಿ. ಒದ್ದೆ ಕ್ಲಿಯರ್‌ನಲ್ಲಿ ಬಲ್ಬಿನ ಅಂಚು ಚೂಪಾಗಿ ಕಂಡರೆ ಕೈ ಸರಿ ಇದೆ. ಎರಡನೇ ಕೋಟ್ ಯಾವಾಗ ಅಂತ ತಿಳಿಯಲು ಪಕ್ಕದ ಮಾಸ್ಕಿಂಗ್ ಟೇಪ್ ಮೇಲಿನ ಕ್ಲಿಯರ್ ಅನ್ನು ಗ್ಲೌಸ್ ಬೆರಳಲ್ಲಿ ಮುಟ್ಟಿ. ಅಂಟಬೇಕು, ನೂಲು ಎಳೆಯಬಾರದು.

ಹಳೇಪೇಂಟರ್:

ಕೆಂಪುಗಾಡಿ, ಟೇಪ್ ಮುಟ್ಟಿ ನೋಡುವುದು ನಮ್ಮ ಮೇಸ್ತ್ರಿ ನನಗೆ ಕಲಿಸಿದ ಮೊದಲ ಪಾಠ. ಬಂಪರ್, ಕನ್ನಡಿಯಂಥ ಚಿಕ್ಕ ಕೆಲಸಕ್ಕೆ ನಿಮ್ಮ ದಾರಿ ಒಪ್ಪುತ್ತೇನೆ. ಬಾನೆಟ್ ದೊಡ್ಡದು, ಡಬ್ಬಿಯಿಂದ ಬೀಳುವ ಸಾಲಿನ ಅಗಲ ಸಾಲುವುದಿಲ್ಲ, ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿ ಆರುತ್ತದೆ. ಅಷ್ಟೇ ನನ್ನ ಹೆದರಿಕೆ.

ಬೂದುಬಾನೆಟ್:

ಐದು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಬಾನೆಟ್ ಬಿಚ್ಚಿ ಎರಡು ಸ್ಟೂಲ್ ಮೇಲೆ ಇಟ್ಟು ನಾಲ್ಕು ಭಾನುವಾರ ಉಜ್ಜಿದೆ. ಕಪ್ಪು ಎರಚಿ ನೋಡಿದಾಗ ನನಗೆ ಗೊತ್ತೇ ಇರದ ಮೂರು ತಗ್ಗು ಸಿಕ್ಕವು, ಒಂದಂತೂ ಅಪ್ಪ ಯಾವಾಗಲೂ ಅಂಗೈ ಊರಿ ಬಾನೆಟ್ ಮುಚ್ಚುತ್ತಿದ್ದ ಜಾಗದಲ್ಲೇ ಇತ್ತು. 1ಕೆ ಸರ್ಫೇಸರ್ ಅನ್ನು ಹೊರಗಡೆ, ಕಾರ್ಟ್ರಿಜ್ ಮಾಸ್ಕ್ ಹಾಕಿ ಹೊಡೆದೆ. ಬೂತ್ ಇರುವ ಒಬ್ಬರು ಒಪ್ಪಿದರು. ಬಾನೆಟ್ ಕೊಡುವಾಗ ಅವರು ಮಾತಾಡಲಿಲ್ಲ, ಬರೀ ಅಂಗೈ ಸವರಿ ನೋಡಿ ತಲೆ ಆಡಿಸಿದರು. ಸಿಲ್ವರ್ ಮತ್ತು ಕ್ಲಿಯರ್ ಅವರೇ ಹೊಡೆದರು, ನಾನು ಗಾಜಿನ ಆಚೆ ನಿಂತು ಅವರ ತೋಳು ಹೇಗೆ ಸಾಗುತ್ತದೆ ಅಂತ ನೋಡಿದೆ. ಡ್ರಾಪ್ ಕೋಟ್ ಹೊಡೆದಾಗ ಪಟ್ಟೆಗಳು ಕಣ್ಣೆದುರೇ ಮಾಯವಾದವು.

ಬಾಗಿಲು ಮತ್ತೆ 320ಕ್ಕೆ ಇಳಿಸಿದ್ದೇನೆ. ಈ ಸಲ ರಿಮೂವರ್‌ನಲ್ಲಿ ಮೂರು ಸಲ ಒರೆಸಿದೆ. ಒಂದು ಜಾಗದಲ್ಲಿ ಥಿನ್ನರ್ ಬಟ್ಟೆ ಇಟ್ಟು ನೋಡಿದಾಗ ನಾನು ಹೊಡೆದಿದ್ದ ಹಳೆಯ 1ಕೆ ಕ್ಲಿಯರ್ ಮೆತ್ತಗಾಗಿ ಬಟ್ಟೆಗೆ ಬಂತು. ಅದನ್ನು ಪೂರ್ತಿ ತೆಗೆಯಬೇಕಾ, ಇಲ್ಲ ಮೇಲೆ ಪ್ರೈಮರ್ ಹೊಡೆದರೆ ಸಾಕಾ?

ಹಳೇಪೇಂಟರ್:

ಪೂರ್ತಿ ತೆಗೆಯಿರಿ. ಮೆತ್ತಗಾಗುವ ಪದರದ ಮೇಲೆ ಹೊಸ ಬಣ್ಣದ ಥಿನ್ನರ್ ಬಿದ್ದರೆ ಕೆಳಗಿನದು ಊದಿ ಸುಕ್ಕುಗಟ್ಟುತ್ತದೆ. ಕಂಪನಿಯ ಹಳೇ ಬಣ್ಣ ಗಟ್ಟಿಯಾಗಿ ಕಾಣುವವರೆಗೂ ಇಳಿಸಿ, ಥಿನ್ನರ್ ಬಟ್ಟೆ ಮತ್ತೆ ಇಟ್ಟು ನೋಡಿ, ಬಟ್ಟೆಗೆ ಬಣ್ಣ ಹತ್ತಬಾರದು. ಆಮೇಲೆ ಒಂದು ದಿನ ಬಿಟ್ಟು ಪ್ರೈಮರ್. ಬಾನೆಟ್‌ಗೆ ಒಂದು ತಿಂಗಳು ವ್ಯಾಕ್ಸ್ ಹಚ್ಚಬೇಡಿ, ಬರೀ ನೀರಲ್ಲಿ ತೊಳೆಯಿರಿ.